ಹೆಪ್ಪುಗಟ್ಟಿದ ಸರೋವರದ ಮೇಲೆ ಬೆಚ್ಚಗೆ ಕೂರಲು ಯಾವ ಡೇರೆ, ಯಾವ ಹೀಟರ್?

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಜನವರಿ ಕಾಲಿಟ್ಟಿತೆಂದರೆ ಮಿಲ್ ಲ್ಯಾಕ್ಸ್, ಅಪ್ಪರ್ ರೆಡ್ ಲೇಕ್, ಲೇಕ್ ಆಫ್ ದಿ ವುಡ್ಸ್‌ನಂಥ ದೊಡ್ಡ ಸರೋವರಗಳ ಮೇಲೆ ಡೇರೆಗಳ ಊರುಗಳೇ ಏಳುತ್ತವೆ. ಮಂಜುಗಡ್ಡೆಯಲ್ಲಿ ಎಂಟು ಇಂಚು ಅಗಲದ ತೂತು ಕೊರೆದು, ಒಂದೂವರೆ ಮೊಳದ ಪುಟ್ಟ ಕೋಲಿನಿಂದ ಗಾಳ ಇಳಿಬಿಟ್ಟು, ವಾಲೈ ಅಥವಾ ಕ್ರ್ಯಾಪಿ ಮೀನು ಕಚ್ಚುವುದನ್ನು ಕಾಯುವ ಈ ಹವ್ಯಾಸದಲ್ಲಿ ಕೈಕಾಲು ಆಡಿಸುವ ಕೆಲಸ ಕಡಿಮೆ, ಸುಮ್ಮನೆ ಕೂರುವ ಕೆಲಸ ಹೆಚ್ಚು. ಆದ್ದರಿಂದ ಮೀನಿನ ಚಿಂತೆಗಿಂತ ಮೊದಲು ಬರುವುದು ಚಳಿಯ ಚಿಂತೆ. ಟ್ವಿನ್ ಸಿಟೀಸ್, ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಮಕ್ಕಳ ಒತ್ತಾಯಕ್ಕೋ ಸಹೋದ್ಯೋಗಿಗಳ ಕರೆಗೋ ಒಂದೆರಡು ಸಲ ಹೋಗಿಬಂದ ಮೇಲೆ ಸ್ವಂತಕ್ಕೊಂದು ಡೇರೆ ಕೊಳ್ಳಲು ಹೊರಡುತ್ತಾರೆ, ಮತ್ತು ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಡೇರೆಗಳ ಮುಂದೆ ನಿಂತು, ‘ಇನ್ಸುಲೇಟೆಡ್’, ಅಂದರೆ ಶಾಖ ಸೋರದಂತೆ ತಡೆಯುವುದು, ಎಂಬ ಚೀಟಿ ಅಂಟಿಸಿಕೊಂಡದ್ದಕ್ಕೆ ನೂರು ನೂರೈವತ್ತು ಡಾಲರ್ ಹೆಚ್ಚು ತೆರಬೇಕೆ ಎಂದು ಯೋಚಿಸುತ್ತಾರೆ. ಏಳು ಚಳಿಗಾಲಗಳಲ್ಲಿ ಎರಡೂ ಬಗೆಯವುಗಳೊಳಗೆ ಕೂತವನಾಗಿ ಈ ಪ್ರಶ್ನೆಗೆ ನನಗೆ ತಿಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಚ್ಚಿನವರ ಮಟ್ಟಿಗೆ ಆ ಹಣ ತೆರುವುದು ಸರಿ, ಆದರೆ ಅಂಗಡಿಯವರು ಹೇಳುವ ಕಾರಣಕ್ಕಲ್ಲ. ಸಾಕಷ್ಟು ದೊಡ್ಡ ಹೀಟರ್ ಹಚ್ಚಿದರೆ ತೆಳುಬಟ್ಟೆಯ ಡೇರೆಯೂ ಬೆಚ್ಚಗಾಗುತ್ತದೆ. ಇನ್ಸುಲೇಟೆಡ್ ಬಟ್ಟೆಯ ನಿಜವಾದ ಲಾಭ ಎರಡು: ಒಳಗೆ ಮೈಮೇಲೆ ನೀರು ತೊಟ್ಟಿಕ್ಕುವುದಿಲ್ಲ, ಮತ್ತು ಗಾಳಿಕಿಂಡಿಗಳನ್ನು ತೆರೆದಿಟ್ಟೂ ಬೆಚ್ಚಗಿರಬಹುದು. ಎರಡನೆಯದು ಸುಖದ ವಿಷಯವಷ್ಟೇ ಅಲ್ಲ, ಜೀವದ ವಿಷಯವೂ ಹೌದು. ಅದಕ್ಕೆ ಮುಂದೆ ಬರುತ್ತೇನೆ.

ಒಂಟಿ ಬಟ್ಟೆ, ಕೌದಿ ಬಟ್ಟೆ

ಇನ್ಸುಲೇಟೆಡ್ ಡೇರೆಯ ಗೋಡೆ ನಮ್ಮ ಉತ್ತರ ಕರ್ನಾಟಕದ ಕೌದಿಯ ತತ್ತ್ವದ ಮೇಲೆಯೇ ನಿಂತಿದೆ. ಹೊರಗೊಂದು ಗಟ್ಟಿ ಪಾಲಿಯೆಸ್ಟರ್ ಬಟ್ಟೆ, ಒಳಗೊಂದು ತೆಳು ಬಟ್ಟೆ, ನಡುವೆ ಕೃತಕ ನಾರಿನ ತೆಳುವಾದ ಹಾಸು, ಮೂರನ್ನೂ ಹಿಡಿದಿಡುವ ಹೊಲಿಗೆ. ಶಾಖ ತಡೆಯುವುದು ನಾರಲ್ಲ, ನಾರಿನ ನಡುವೆ ಸಿಕ್ಕಿಕೊಂಡ ಅಲುಗಾಡದ ಗಾಳಿ. ಹೊಲಿಗೆ ಹಾದುಹೋಗುವಲ್ಲಿ ನಾರು ಅದುಮಿ ತೆಳ್ಳಗಾಗಿರುವುದರಿಂದ ಅಲ್ಲಿ ಚಳಿ ಒಳನುಗ್ಗುತ್ತದೆ. ಕಡುಚಳಿಯ ಮುಂಜಾನೆ ಇಂಥ ಡೇರೆಯೊಳಗೆ ಟಾರ್ಚ್ ಹಿಡಿದು ನೋಡಿದರೆ ಹೊಲಿಗೆಯ ಗೆರೆಗಳ ಉದ್ದಕ್ಕೂ ಮಾತ್ರ ಬಿಳಿಯ ಇಬ್ಬನಿ ಚುಕ್ಕೆ ಚುಕ್ಕೆಯಾಗಿ ಕಟ್ಟಿರುವುದು ಕಾಣುತ್ತದೆ, ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ. ಆದ್ದರಿಂದ ಎರಡು ಇನ್ಸುಲೇಟೆಡ್ ಡೇರೆಗಳ ನಡುವೆ ಆರಿಸುವಾಗ ಹಾಸಿನ ತೂಕವೆಷ್ಟು ಎಂದು ಚೀಟಿ ಓದುವುದರ ಜೊತೆಗೆ ಹೊಲಿಗೆ ಎಷ್ಟು ಒತ್ತಾಗಿದೆ, ಛಾವಣಿಗೂ ಹಾಸು ಇದೆಯೆ, ಬಾಗಿಲಿನ ಜಿಪ್ಪಿನ ಹಿಂದೆ ಮುಚ್ಚುಪಟ್ಟಿ ಇದೆಯೆ ಎಂಬುದನ್ನು ಕೈಯಿಂದ ಮುಟ್ಟಿ ನೋಡಬೇಕು. ಬಟ್ಟೆಯ ‘ಡೆನಿಯರ್’ ಅಂಕಿ, ಅಂದರೆ 300, 600, 900 ಎಂಬುದು, ದಾರದ ದಪ್ಪವನ್ನು ಹೇಳುತ್ತದೆಯೇ ಹೊರತು ಬೆಚ್ಚಗಿನ ಅಳತೆಯನ್ನಲ್ಲ; ಅದನ್ನು ಬಾಳಿಕೆಯ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನೀರಿನ ವಿಷಯ. ಇಲ್ಲಿನ ಹೀಟರುಗಳಲ್ಲಿ ಹೆಚ್ಚಾಗಿ ಬಳಸುವ ಪ್ರೊಪೇನ್ ಅನಿಲ ಉರಿದಾಗ ಶಾಖದ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ, ಮತ್ತು ಅದು ಅಲ್ಪಸ್ವಲ್ಪವಲ್ಲ: ಒಂದು ಪೌಂಡಿನ ಹಸಿರು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು ಮುಕ್ಕಾಲು ಲೀಟರ್ ನೀರು ಡೇರೆಯೊಳಗಿನ ಗಾಳಿಗೆ ಸೇರುತ್ತದೆ. ಇದಕ್ಕೆ ಕೂತವರ ಉಸಿರು, ತೂತುಗಳಿಂದ ಏಳುವ ಹಬೆ, ಬಗ್ಗಿಸಿದ ಚಹಾ ಎಲ್ಲವೂ ಕೂಡುತ್ತವೆ. ಒಂಟಿ ಬಟ್ಟೆಯ ಗೋಡೆ ಹೊರಗಿನಷ್ಟೇ ತಣ್ಣಗಿರುವುದರಿಂದ ಈ ಆವಿ ಅದಕ್ಕೆ ತಾಗಿದೊಡನೆ ಮಂಜಾಗಿ ಹತ್ತಿಕೊಳ್ಳುತ್ತದೆ; ಹೀಟರನ್ನು ಒಂದು ಹಂತ ಏರಿಸಿದ ಕೂಡಲೇ ಕರಗಿ ಹನಿಯಾಗಿ ಬೀಳುತ್ತದೆ. ನನ್ನ ಮೊದಲ ಚಳಿಗಾಲದ ಡೇರೆ ಅಂಥದ್ದೇ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಲರಿನೊಳಗೆ ಹನಿ ಇಳಿದು ಬೆನ್ನು ಒದ್ದೆಯಾಗಿತ್ತು, ಸಂಜೆ ಹೀಟರ್ ಆರಿಸಿದ ಹತ್ತು ನಿಮಿಷದಲ್ಲಿ ಬಟ್ಟೆ ತಗಡಿನಂತೆ ಬಿರುಸಾಗಿ, ಮಡಚಲು ಹೋದರೆ ಕಟಕಟ ಸದ್ದು ಮಾಡುತ್ತಿತ್ತು. ಚೀಲದೊಳಗೆ ಹೋಗಲೊಪ್ಪದ ಆ ಡೇರೆಯನ್ನು ನಾನು ಕಾರಿನ ಹಿಂದಿನ ಸೀಟಿನ ಮೇಲೆ ಹೇಗೆ ಬಂತೋ ಹಾಗೆ ತುರುಕಿಕೊಂಡು ಬಂದೆ. ಮೈ ಒದ್ದೆಯಾದ ಮೇಲೆ ಹೀಟರ್ ಎಷ್ಟು ಉರಿದರೂ ಚಳಿ ಬಿಡುವುದಿಲ್ಲ ಎಂಬುದನ್ನು ಅಂದು ಕಲಿತೆ.

ಹಾಗೆಂದು ಒಂಟಿ ಬಟ್ಟೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮಾರ್ಚ್ ತಿಂಗಳಲ್ಲಿ, ಬಿಸಿಲು ಚುರುಕಾಗಿ ಹೊರಗೆ ಶೂನ್ಯದ ಆಸುಪಾಸು ಇರುವಾಗ, ಕಪ್ಪು ಅಥವಾ ಕಡುಗೆಂಪು ಬಣ್ಣದ ತೆಳು ಡೇರೆ ಸೂರ್ಯನಿಂದಲೇ ಕಾದು ಹೀಟರ್ ಬೇಡವೆನಿಸುತ್ತದೆ. ಇನ್ಸುಲೇಟೆಡ್ ಗೋಡೆ ಅದೇ ಬಿಸಿಲನ್ನು ಹೊರಗೇ ತಡೆಯುತ್ತದೆ. ಅರ್ಧ ಗಂಟೆಗೊಮ್ಮೆ ಜಾಗ ಬದಲಿಸುತ್ತ, ಸಾಮಾನನ್ನೆಲ್ಲ ಬೆನ್ನಿಗೆ ಹಾಕಿಕೊಂಡು ನಡೆಯುವವರಿಗೂ ಹಗುರವಾದ ಒಂಟಿ ಬಟ್ಟೆಯೇ ಮೇಲು. ಆದರೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ಗಂಟೆ ಒಂದೇ ಕಡೆ ಮಕ್ಕಳೊಂದಿಗೆ ಕೂರುವ ಯೋಚನೆಯಿದ್ದರೆ ಆ ಹಗುರದ ಆಸೆ ಬಿಡಬೇಕು.

ಹಬ್ ಡೇರೆಯೋ, ಮಗುಚುವ ಡೇರೆಯೋ

ಎತ್ತಿಕೊಂಡು ಹೋಗಬಹುದಾದ ಡೇರೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹಬ್ ಡೇರೆ ಎಂದರೆ ಗೋಡೆಯ ನಡುವಿನ ಗುಂಡನ್ನು ಹೊರಕ್ಕೆ ಎಳೆದೊಡನೆ ಛತ್ರಿಯಂತೆ ಉಬ್ಬಿ ನಿಲ್ಲುವ ಚೌಕ ಕೋಣೆ. ಫ್ಲಿಪ್-ಓವರ್ ಎಂದರೆ ಪ್ಲಾಸ್ಟಿಕ್ ಜಾರುಬಂಡಿಯ ಮೇಲೆಯೇ ಆಸನ ಮತ್ತು ಮಡಚುವ ಕಂಬಿಗಳು ಕೂತಿರುವ ಬಗೆ. ತೂತಿನ ಪಕ್ಕಕ್ಕೆ ಬಂಡಿಯನ್ನು ಎಳೆದು ತಂದು, ಅದರ ಮೇಲೆ ಕೂತು, ಎತ್ತಿನ ಗಾಡಿಯ ಕಮಾನನ್ನು ಹಿಂದಿನಿಂದ ಮುಂದಕ್ಕೆ ಎಳೆದುಕೊಂಡ ಹಾಗೆ ಬಟ್ಟೆಯನ್ನು ತಲೆಯ ಮೇಲಿಂದ ಮಗುಚಿದರೆ ಮುಗಿಯಿತು. 1980ರ ದಶಕದಲ್ಲಿ ಮಿನೆಸೋಟದವರೇ ಆದ ಡೇವ್ ಗೆಂಜ್ ತಮ್ಮ ‘ಫಿಶ್ ಟ್ರ್ಯಾಪ್’ ಡೇರೆಯಿಂದ ಈ ಬಗೆಯನ್ನು ಜನಪ್ರಿಯಗೊಳಿಸಿದರು. ಕೂತಲ್ಲೇ ಕೂರದೆ ಮೀನಿದ್ದಲ್ಲಿಗೆ ಹೋಗಬೇಕೆಂಬುದು ಅವರ ಪಾಠವಾಗಿತ್ತು.

ಬೆಚ್ಚಗಿನ ದೃಷ್ಟಿಯಿಂದ ನೋಡಿದರೆ ಲೆಕ್ಕ ಸರಳ. ಶಾಖ ಸೋರುವುದು ಹೊರಗಿನ ಗಾಳಿಗೆ ಒಡ್ಡಿಕೊಂಡ ಬಟ್ಟೆಯ ವಿಸ್ತೀರ್ಣದ ಪ್ರಮಾಣದಲ್ಲಿ. ಆರಡಿ ಚೌಕದ, ಆರೂವರೆ ಅಡಿ ಎತ್ತರದ ಹಬ್ ಡೇರೆಗೆ ಗೋಡೆ ಮತ್ತು ಛಾವಣಿ ಸೇರಿ ಸುಮಾರು 190 ಚದರ ಅಡಿ ಬಟ್ಟೆ ಇರುತ್ತದೆ. ಹನ್ನೆರಡಡಿ ಉದ್ದ, ಆರಡಿ ಅಗಲದ ದೊಡ್ಡ ಹಬ್‌ನಲ್ಲಿ ಅದು 300 ದಾಟುತ್ತದೆ. ಅಂದರೆ ‘ನೆಂಟರು ಬಂದರೆ ಇರಲಿ’ ಎಂದು ದೊಡ್ಡದನ್ನು ಕೊಂಡವರು, ನೆಂಟರು ಬಾರದ ದಿನವೂ ಒಂದೂವರೆ ಪಟ್ಟು ಇಂಧನ ಸುಡುತ್ತಾರೆ. ಇಬ್ಬರು ಕೂರುವ ಫ್ಲಿಪ್-ಓವರ್ ತಗ್ಗಾಗಿ, ಇಳಿಜಾರಾಗಿ ಇರುವುದರಿಂದ ಇವೆರಡಕ್ಕಿಂತ ಬೇಗ ಕಾಯುತ್ತದೆ. ಅದರಲ್ಲಿ ಕಾಲು ಚಾಚಿ ಎದ್ದು ನಿಲ್ಲಲಾಗದು, ಚಿಕ್ಕ ಮಕ್ಕಳಿದ್ದರೆ ಹೀಟರ್ ಅವರ ಮೊಣಕಾಲಿಗೆ ತೀರ ಹತ್ತಿರವಾಗುತ್ತದೆ, ಮತ್ತು ಬಂಡಿ, ಆಸನ, ದಪ್ಪ ಬಟ್ಟೆ ಎಲ್ಲ ಸೇರಿ ತೂಕ 100 ಪೌಂಡ್ ದಾಟುವುದು ಸಾಮಾನ್ಯ. ಸ್ನೋಮೊಬೈಲ್ ಅಥವಾ ನಾಲ್ಕು ಚಕ್ರದ ಎಟಿವಿ ಇಲ್ಲದವರು ಮೊಣಕಾಲುದ್ದದ ಹಿಮದಲ್ಲಿ ಅದನ್ನು ಎಳೆದು ಬೆವೆತರೆ, ಕೂತ ಮೇಲೆ ಅದೇ ಬೆವರು ತಣ್ಣಗಾಗಿ ನಡುಗಿಸುತ್ತದೆ. ಇನ್ಸುಲೇಟೆಡ್ ಹಬ್ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಉದ್ದನೆಯ ಚೀಲದಲ್ಲಿ ಮಡಚಿಕೊಳ್ಳುತ್ತದೆ, ಸಣ್ಣ ಕಾರಿನಲ್ಲೂ ಹಿಡಿಸುತ್ತದೆ.

ಗಾಳಿಯ ಮುಂದೆ ಮಾತ್ರ ಹಬ್ ದುರ್ಬಲ. ಮಿಲ್ ಲ್ಯಾಕ್ಸ್‌ನ ಬಯಲಿನಲ್ಲಿ ತಡೆಯಲು ಮರವೂ ಇಲ್ಲ, ಗುಡ್ಡವೂ ಇಲ್ಲ. ಲಂಗರು ತಿರುಪುಗಳನ್ನು ಬಿಗಿಯುವ ಮುಂಚೆಯೇ ಹಬ್ಬನ್ನು ಉಬ್ಬಿಸಿದವರ ಡೇರೆ ಗಾಳಿಪಟವಾಗಿ ಓಡುವುದನ್ನು ಪ್ರತಿವರ್ಷ ನೋಡುತ್ತೇನೆ. ಗಾಳಿ ಬರುವ ಬದಿಯ ಮೂಲೆಯನ್ನು ಮೊದಲು ಮಂಜುಗಡ್ಡೆಗೆ ತಿರುಪಿ, ಆಮೇಲೆ ಉಳಿದ ಗೋಡೆಗಳನ್ನು ಎಳೆಯಬೇಕು. ಎರಡೂ ಬಗೆಯ ಡೇರೆಗಳ ಕೆಳಅಂಚಿನಲ್ಲಿ ಸೀರೆಯ ಅಂಚಿನಂತೆ ಹರಡಿಕೊಳ್ಳುವ ಪಟ್ಟಿಯೊಂದಿರುತ್ತದೆ. ಅದರ ಮೇಲೆ ಸುತ್ತಲೂ ಒಣ ಹಿಮ ಒಟ್ಟಿದರೆ ಕೆಳಗಿನಿಂದ ನುಗ್ಗುವ ಗಾಳಿ ನಿಲ್ಲುತ್ತದೆ. ತೂತು ಕೊರೆದಾಗ ಮೇಲೆ ಬರುವ ಕೆಸರಿನಂಥ ಒದ್ದೆ ಹಿಮವನ್ನು ಮಾತ್ರ ಅಲ್ಲಿ ಹಾಕಬೇಡಿ. ಸಂಜೆಗೆ ಅದು ಸಿಮೆಂಟಿನಂತೆ ಹಿಡಿದು, ಪಟ್ಟಿಯನ್ನು ಕಿತ್ತುಕೊಂಡೇ ಬರಬೇಕಾಗುತ್ತದೆ.

ಹೀಟರಿನ ಆಯ್ಕೆ

ಅಮೆರಿಕದಲ್ಲಿ ಹೀಟರಿನ ಬಲವನ್ನು ಗಂಟೆಗೆ ಎಷ್ಟು ಬಿಟಿಯು (ಶಾಖದ ಒಂದು ಅಳತೆ) ಎಂದು ಅಳೆಯುತ್ತಾರೆ. ಇಲ್ಲಿ ಹೆಚ್ಚು ಕಾಣುವ ಮಿಸ್ಟರ್ ಹೀಟರ್ ಕಂಪನಿಯ ‘ಬಡ್ಡಿ’ ಸಾಲನ್ನೇ ತೆಗೆದುಕೊಂಡರೆ, ಚಿಕ್ಕದು 3,800, ನಡುವಿನದು 4,000 ಮತ್ತು 9,000 ಎಂಬ ಎರಡು ಹಂತ, ದೊಡ್ಡದು 18,000 ಬಿಟಿಯುವರೆಗೆ. 9,000 ಬಿಟಿಯು ಎಂದರೆ ಸುಮಾರು 2.6 ಕಿಲೋವಾಟ್, ನಮ್ಮೂರಿನ ಸ್ನಾನದ ಗೀಸರಿಗಿಂತ ತುಸು ಹೆಚ್ಚು. ಆರಡಿ ಚೌಕದ ಇನ್ಸುಲೇಟೆಡ್ ಹಬ್‌ಗೆ ನಡುವಿನ ಹೀಟರ್ ನನಗೆ ಸಾಕಾಗಿದೆ. ಮೊದಲ ಹದಿನೈದು ನಿಮಿಷ ಮೇಲಿನ ಹಂತ, ಆಮೇಲೆ ಕೆಳಗಿನದು. ಅದೇ ಅಳತೆಯ ಒಂಟಿ ಬಟ್ಟೆಯ ಡೇರೆಯಲ್ಲಿ ಅದೇ ಹೀಟರ್ ದಿನವಿಡೀ ಮೇಲಿನ ಹಂತದಲ್ಲೇ ಉರಿಯುತ್ತಿತ್ತು. ಇಂಧನದ ಲೆಕ್ಕ ಇಲ್ಲಿ ನೆಟ್ಟಗೆ ಜೇಬಿಗೆ ತಾಗುತ್ತದೆ: ಒಂದು ಪೌಂಡಿನ ಸಿಲಿಂಡರ್‌ನಲ್ಲಿ ಸುಮಾರು 21,600 ಬಿಟಿಯು ಇರುವುದರಿಂದ ಮೇಲಿನ ಹಂತದಲ್ಲಿ ಅದು ಎರಡೂವರೆ ಗಂಟೆಯೂ ಬಾರದು, ಕೆಳಗಿನ ಹಂತದಲ್ಲಿ ಐದು ಗಂಟೆ ದಾಟುತ್ತದೆ.

ಸಿಲಿಂಡರ್ ಕುರಿತು ಒಂದು ಮಾತು. ಭಾರತದ ಅಡುಗೆ ಅನಿಲದಲ್ಲಿ ಪ್ರೊಪೇನ್ ಜೊತೆಗೆ ಬ್ಯುಟೇನ್ ಬೆರೆತಿರುತ್ತದೆ. ಬ್ಯುಟೇನ್ ಶೂನ್ಯ ಡಿಗ್ರಿಯ ಹತ್ತಿರವೇ ಅನಿಲವಾಗುವುದನ್ನು ನಿಲ್ಲಿಸುವುದರಿಂದ ಬ್ಯುಟೇನ್ ಡಬ್ಬಿಯ ಕ್ಯಾಂಪಿಂಗ್ ಒಲೆ ಇಲ್ಲಿ ಕೈಕೊಡುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೆ ಅನಿಲವಾಗುತ್ತದೆ, ನಿಜ, ಆದರೆ ಚಳಿ ಹೆಚ್ಚಿದಂತೆ ಒತ್ತಡ ಇಳಿಯುತ್ತದೆ. ಮೇಲಾಗಿ ದ್ರವ ಅನಿಲವಾಗುವಾಗ ಸಿಲಿಂಡರನ್ನು ತಾನೇ ತಣ್ಣಗಾಗಿಸುತ್ತದೆ. ಉರಿಯುತ್ತಿರುವ ಚಿಕ್ಕ ಸಿಲಿಂಡರಿನ ಮೈಮೇಲೆ ಬಿಳಿಯ ಇಬ್ಬನಿಯ ಪಟ್ಟಿ ಮೂಡಿ ಮೆಲ್ಲನೆ ಕೆಳಗಿಳಿಯುವುದನ್ನು ನೋಡಿದರೆ ಒಳಗೆ ಎಷ್ಟು ಉಳಿದಿದೆ ಎಂದು ತಿಳಿದುಕೊಳ್ಳಬಹುದು. ಇಡೀ ದಿನ ಕೂರುವವರು 20 ಪೌಂಡಿನ ಸಿಲಿಂಡರನ್ನು ಡೇರೆಯ ಹೊರಗಿಟ್ಟು ಕೊಳವೆಯಿಂದ ಜೋಡಿಸುವುದು ಒಳ್ಳೆಯದು. ಅದು 9,000ದ ಹಂತದಲ್ಲೂ ಎರಡು ಹಗಲು ಎರಡು ರಾತ್ರಿಯಷ್ಟು ಬರುತ್ತದೆ, ಮತ್ತು ಖಾಲಿ ಹಸಿರು ಡಬ್ಬಿಗಳು ಗ್ಯಾರೇಜಿನಲ್ಲಿ ರಾಶಿಬೀಳುವುದಿಲ್ಲ.

ಸಿಲಿಂಡರಿನ ತಲೆಯ ಮೇಲೆ ನೇರವಾಗಿ ತಿರುಪುವ, ಸೂರ್ಯಕಾಂತಿಯ ಆಕಾರದ ಕೆಂಡದ ಹೀಟರುಗಳು ಅಗ್ಗವಾಗಿ ಸಿಗುತ್ತವೆ. ಅವು ಬಹುತೇಕ ಹೊರಾಂಗಣ ಬಳಕೆಗೆಂದೇ ಮಾಡಿದವು. ಡೇರೆಯೊಳಗೆ ಅವನ್ನು ಬಳಸುವವರು ಇದ್ದಾರೆ. ನಾನು ಬಳಸುವುದಿಲ್ಲ, ಬಳಸಿ ಎಂದು ಹೇಳುವುದೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಡೀಸೆಲ್ ಹೀಟರ್ ಮೂರನೆಯ ಆಯ್ಕೆಯಾಗಿ ಬಂದಿದೆ. ಮೂಲತಃ ಲಾರಿಗಳ ಕ್ಯಾಬಿನ್ ಬೆಚ್ಚಗಿಡಲು ಮಾಡಿದ ಈ ಯಂತ್ರವನ್ನು ಡೇರೆಯ ಹೊರಗಿಟ್ಟು, ಬಿಸಿಗಾಳಿಯನ್ನು ಮಾತ್ರ ದಪ್ಪ ಕೊಳವೆಯಲ್ಲಿ ಒಳಗೆ ಬಿಡುತ್ತಾರೆ. ಉರಿಯ ಹೊಗೆ, ಉರಿಯ ನೀರು ಎರಡೂ ಹೊರಗೇ ಉಳಿಯುವುದರಿಂದ ಒಳಗಿನ ಶಾಖ ಬೇಸಿಗೆಯ ಬಳ್ಳಾರಿಯಂತೆ ಒಣ ಶಾಖ. ಒದ್ದೆ ಕೈಗವಸು ಒಂದೇ ಗಂಟೆಯಲ್ಲಿ ಒಣಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಅದು 12 ವೋಲ್ಟ್ ಬ್ಯಾಟರಿಯಿಂದ ಸುಮಾರು 10 ಆಂಪಿಯರ್ ಎಳೆಯುತ್ತದೆ, ಚಳಿಯಲ್ಲಿ ಸೊರಗಿದ ಹಳೆಯ ಬ್ಯಾಟರಿಯಾದರೆ ಅಲ್ಲೇ ನಿಲ್ಲುತ್ತದೆ. ಸಾಮಾನ್ಯ ಡೀಸೆಲ್ ಕಡುಚಳಿಯಲ್ಲಿ ಮೇಣದಂತೆ ಗಟ್ಟಿಯಾಗುವುದರಿಂದ ಚಳಿಗಾಲದ ಮಿಶ್ರಣವನ್ನೇ ಹಾಕಬೇಕು. ಅದರ ಪಂಪಿನ ಟಿಕ್ ಟಿಕ್ ಸದ್ದು ದಿನವಿಡೀ ಕೇಳುತ್ತಿರುತ್ತದೆ. ಹೊಗೆಯ ಕೊಳವೆಯ ಬಾಯಿ ಗಾಳಿಯ ಕೆಳಬದಿಗೆ, ಡೇರೆಯಿಂದ ದೂರಕ್ಕೆ ಇರಬೇಕೆಂಬುದನ್ನು ಮರೆತರೆ ಅದರ ಮುಖ್ಯ ಲಾಭವೇ ಹೋಯಿತು. ವಾರಕ್ಕೆರಡು ಸಲ ಹೋಗುವವರಿಗೆ, ಬಂಡಿಯನ್ನು ಎಳೆಯಲು ವಾಹನ ಇರುವವರಿಗೆ ಇದು ಸರಿ. ತಿಂಗಳಿಗೊಮ್ಮೆ ಹೋಗುವವರಿಗೆ ಅಷ್ಟು ಹೊರೆ ಬೇಡ.

ಗಾಳಿಕಿಂಡಿ

ಪ್ರೊಪೇನ್ ಹೀಟರ್ ಡೇರೆಯ ಆಮ್ಲಜನಕವನ್ನೇ ಉರಿಸುತ್ತದೆ, ಮತ್ತು ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ‘ಬಡ್ಡಿ’ಯಂಥ ಒಳಾಂಗಣ ಹೀಟರುಗಳಲ್ಲಿ ಆಮ್ಲಜನಕ ಸುಮಾರು ಶೇ 18ಕ್ಕೆ ಇಳಿದಾಗ ಉರಿ ಆರಿಸುವ ಏರ್ಪಾಡು ಇದೆ, ಆದರೆ ಅದು ಆಮ್ಲಜನಕವನ್ನು ಗಮನಿಸುತ್ತದೆಯೇ ಹೊರತು ಕಾರ್ಬನ್ ಮಾನಾಕ್ಸೈಡನ್ನು ಅಳೆಯುವುದಿಲ್ಲ. ಆದ್ದರಿಂದ ಛಾವಣಿಯ ಹತ್ತಿರ ಒಂದು, ನೆಲದ ಹತ್ತಿರ ಒಂದು ಎಂದು ಎರಡು ಕಿಂಡಿಗಳು ಸದಾ ತೆರೆದಿರಬೇಕು.

ತೆಳುಬಟ್ಟೆಯ ಡೇರೆ ಅಪಾಯಕಾರಿಯಾಗುವುದು ಇಲ್ಲಿಯೇ. ಬಟ್ಟೆಯಿಂದ ಶಾಖ ಸೋರುತ್ತಿರುವಾಗ ಕೂತವರ ಕೈ ತಾನಾಗಿ ಕಿಂಡಿ ಮುಚ್ಚಲು ಹೋಗುತ್ತದೆ. ಎರಡನೆಯ ಚಳಿಗಾಲದಲ್ಲಿ ನಾನು ಹಾಗೆ ಮಾಡಿದ್ದೆ. ಮಧ್ಯಾಹ್ನ ತಲೆ ಭಾರವಾಯಿತು, ಬೆಳಿಗ್ಗೆ ಕಾಫಿ ಕುಡಿಯದ್ದಕ್ಕೆ ಎಂದುಕೊಂಡೆ. ಮೂತ್ರಕ್ಕೆಂದು ಹೊರಗೆ ಬಂದಾಗ ಕಾಲು ತಡವರಿಸಿ ಹಿಮದ ಮೇಲೆ ಕೂತುಬಿಟ್ಟೆ, ಐದು ನಿಮಿಷ ತಣ್ಣನೆಯ ಗಾಳಿ ಕುಡಿದ ಮೇಲೆ ತಲೆ ತಿಳಿಯಾಯಿತು. ಆ ಸಲ ಮೂತ್ರ ಬಂದದ್ದು ನನ್ನ ಪುಣ್ಯ. ಇನ್ಸುಲೇಟೆಡ್ ಡೇರೆಯಲ್ಲಿ ಎರಡೂ ಕಿಂಡಿ ತೆರೆದಿದ್ದರೂ ಜಾಕೆಟ್ ಬಿಚ್ಚಿ ಕೂರುವಷ್ಟು ಶಾಖ ಉಳಿಯುತ್ತದೆ; ಮುಚ್ಚುವ ಆಸೆಯೇ ಹುಟ್ಟುವುದಿಲ್ಲ. ಹೆಚ್ಚಿನ ಹಣ ನಾನು ಕೊಟ್ಟದ್ದು ಇದಕ್ಕೆ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬೇಕು. ಮನೆಬಳಕೆಯ ಹಲವು ಅಲಾರಂಗಳ ಕೆಲಸದ ಮಿತಿ 4.4 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲಕ್ಕೆ ಮಾತ್ರ; ಮೈನಸ್ ಉಷ್ಣಾಂಶಕ್ಕೂ ಹೊಂದುವ, ಆರ್‌ವಿ, ಅಂದರೆ ಒಳಗೇ ವಾಸಿಸುವಂಥ ಪ್ರವಾಸಿ ವಾಹನಗಳಿಗೆಂದು ಮಾಡಿದ ಬಗೆಯನ್ನು ಡಬ್ಬದ ಮೇಲಿನ ಅಂಕಿ ಓದಿ ಕೊಳ್ಳಿ. ಅಲಾರಂ ಇದೆಯೆಂದು ಹೀಟರ್ ಉರಿಸಿ ಮಲಗುವುದು ಬೇಡ.

ಕಾಲಡಿಯ ಚಳಿ

ಛಾವಣಿಯ ಬಳಿ ಒಂದು, ಮಂಜುಗಡ್ಡೆಯ ಮೇಲೊಂದು ಥರ್ಮಾಮೀಟರ್ ಇಟ್ಟು ನೋಡಿದ್ದೇನೆ: ಮೇಲೆ 27 ಡಿಗ್ರಿ, ಕೆಳಗೆ 1. ಬಿಸಿಗಾಳಿ ಮೇಲೇರುತ್ತದೆ, ಕಾಲು ಮಾತ್ರ ಮಂಜುಗಡ್ಡೆಯ ಮೇಲೆಯೇ ಇರುತ್ತದೆ. ಇನ್ಸುಲೇಟೆಡ್ ಎಂದು ಮಾರುವ ಹೆಚ್ಚಿನ ಡೇರೆಗಳಿಗೆ ನೆಲವೇ ಇಲ್ಲ ಎಂಬುದನ್ನು ಕೊಳ್ಳುವವರು ಮನೆಗೆ ಬಂದ ಮೇಲೆ ಗಮನಿಸುತ್ತಾರೆ. ಮಕ್ಕಳ ಆಟದ ಕೋಣೆಗೆ ಹಾಸುವ ಬಗೆಯ, ಒಂದಕ್ಕೊಂದು ಸಿಕ್ಕಿಸುವ ಫೋಮ್ ಚೌಕಗಳು ಇದಕ್ಕೆ ಅಗ್ಗದ ಪರಿಹಾರ; ತೂತಿನ ಜಾಗಕ್ಕೆ ವೃತ್ತ ಕತ್ತರಿಸಿಕೊಂಡರೆ ಸಾಕು. ಛಾವಣಿಗೊಂದು ಚಿಕ್ಕ ಬ್ಯಾಟರಿ ಫ್ಯಾನ್ ತೂಗಿಹಾಕಿ ಬಿಸಿಗಾಳಿಯನ್ನು ಕೆಳಕ್ಕೆ ದೂಡಿದರೆ ಹೀಟರಿನ ಒಂದು ಹಂತವೇ ಉಳಿತಾಯವಾಗುತ್ತದೆ. ಕೈಯಲ್ಲಿರುವ ಹಣ ಇಷ್ಟೇ ಎಂದಾದರೆ ದೊಡ್ಡ ಹೀಟರಿಗಿಂತ ಮೊದಲು ಈ ಫೋಮ್, ಒಳಗೆ ದಪ್ಪ ಹಾಸಿರುವ ಬೂಟು, ಉಣ್ಣೆಯ ಕಾಲುಚೀಲ ಕೊಳ್ಳಿ ಎಂದೇ ಹೇಳುತ್ತೇನೆ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟು ತಣ್ಣಗಾಗುತ್ತದೆ, ಅದನ್ನು ಮನೆಯಲ್ಲೇ ಬಿಡಿ.

ಮಂಜುಗಡ್ಡೆಯ ದಪ್ಪವನ್ನು ಹೇಳದೆ ಈ ವಿಷಯ ಬಿಡಲಾಗದು. ನಡೆದುಹೋಗಲು ಹೊಸ, ತಿಳಿಯಾದ ಮಂಜುಗಡ್ಡೆ ಕನಿಷ್ಠ 4 ಇಂಚು ಇರಬೇಕೆಂದು ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಬಿಳಿಯ, ಹಿಮ ಬೆರೆತ ಮಂಜುಗಡ್ಡೆಯಾದರೆ ಅದರ ಇಮ್ಮಡಿ. ಹೋಗುವ ದಾರಿಯುದ್ದಕ್ಕೂ ಚುಚ್ಚಿ ನೋಡುತ್ತಲೇ ಸಾಗಬೇಕು.

ಯಾರಿಗೆ ಯಾವುದು

ಕಾರಿನಲ್ಲಿ ಹೋಗಿ, ದಡದಿಂದ ನಾಲ್ಕುನೂರು ಹೆಜ್ಜೆ ನಡೆದು, ಮಕ್ಕಳೊಂದಿಗೆ ಅರ್ಧ ದಿನ ಕೂರುವ ಕುಟುಂಬಕ್ಕೆ ಆರು ಅಥವಾ ಎಂಟಡಿ ಚೌಕದ ಇನ್ಸುಲೇಟೆಡ್ ಹಬ್, ನಡುವಿನ ಅಳತೆಯ ಪ್ರೊಪೇನ್ ಹೀಟರ್, ಫೋಮ್ ನೆಲ ಸರಿಹೊಂದುತ್ತವೆ. ಒಬ್ಬರೇ ಅಥವಾ ಇಬ್ಬರೇ ಹೋಗಿ ದಿನಕ್ಕೆ ಹತ್ತು ಜಾಗ ಬದಲಿಸುವವರಿಗೆ, ಎಳೆಯಲು ವಾಹನವಿದ್ದರೆ, ಇನ್ಸುಲೇಟೆಡ್ ಫ್ಲಿಪ್-ಓವರ್ ಮತ್ತು ಚಿಕ್ಕ ಹೀಟರ್. ಮಾರ್ಚ್‌ನ ಬಿಸಿಲಲ್ಲಿ ಮಾತ್ರ ಹೋಗುವವರು ಒಂಟಿ ಬಟ್ಟೆಯದನ್ನು ಕೊಂಡು ಉಳಿದ ಹಣದಲ್ಲಿ ಒಳ್ಳೆಯ ಬೂಟು ಕೊಳ್ಳಲಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಾತ್ರ ಇನ್ನೊಂದು ವಿಷಯ ಯೋಚಿಸಬೇಕು. ಇನ್ಸುಲೇಟೆಡ್ ಬಟ್ಟೆ ನೀರನ್ನು ತೊಟ್ಟಿಕ್ಕಿಸದಿದ್ದರೂ ಒಳಗೆ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಪೂರ್ತಿ ಬಿಚ್ಚಿ ಎರಡು ದಿನ ಒಣಗಿಸದೆ ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಂಟಿ ಬಟ್ಟೆಯನ್ನು ಸ್ನಾನದ ಮನೆಯ ಪರದೆಯ ಕಂಬಿಯ ಮೇಲೆ ಹರವಿದರೂ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಗ್ಯಾರೇಜ್ ಬರುವ ಮುಂಚಿನ ಎರಡು ವರ್ಷ ನಮ್ಮ ಆರಡಿ ಹಬ್ ಪ್ರತಿ ಶನಿವಾರ ರಾತ್ರಿ ಹಾಲಿನ ನಡುವೆ ಉಬ್ಬಿ ನಿಲ್ಲುತ್ತಿತ್ತು, ಸೋಫಾ ಗೋಡೆಗೆ ಸರಿಯುತ್ತಿತ್ತು, ಮತ್ತು ಭಾನುವಾರದ ತಿಂಡಿಯನ್ನು ಮಕ್ಕಳು ಅದರೊಳಗೆ ಕೂತೇ ತಿನ್ನುತ್ತಿದ್ದರು.